ಹೆಸರೇ ಕೇಳದ ಬ್ರಾಂಡಿನ ಹೆಡ್‌ಫೋನ್ ಆಂಪ್, ಡ್ಯಾಕ್: ನಂಬಿ ದುಡ್ಡು ಹಾಕಬಹುದಾ?

ಪ್ರಶ್ನೆ: ಸರ್, ನಾನು ಧಾರವಾಡದವನು. ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಇದೆ, ಜೊತೆಗೆ 16 ಓಮ್‌ನ ಒಂದು ಇಯರ್‌ಫೋನ್. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ, ಅದರಲ್ಲೂ ಹಳೇ ರೆಕಾರ್ಡಿಂಗ್‌ಗಳು. ಲ್ಯಾಪ್‌ಟಾಪಿಗೆ ನೇರ ಹಾಕಿದರೆ ಎಚ್‌ಡಿ 600ಕ್ಕೆ ದನಿ ಸಾಲುವುದಿಲ್ಲ. ಒಂದು ಸಣ್ಣ ಕಂಪನಿಯ ಆಂಪ್ 18 ಸಾವಿರಕ್ಕೂ, ಅದೇ ಕಂಪನಿಯ ಡ್ಯಾಕ್ 15 ಸಾವಿರಕ್ಕೂ ಸಿಗುತ್ತಿದೆ. ಆಂಪ್ 2000 ಮಿಲಿವಾಟ್, ಡ್ಯಾಕ್ 32 ಬಿಟ್, 768 ಕಿಲೋಹರ್ಟ್ಸ್ ಅಂತ ಬರೆದಿದ್ದಾರೆ. ಗೆಳೆಯರಲ್ಲಿ ಯಾರೂ ಈ ಬ್ರಾಂಡಿನ ಹೆಸರು ಕೇಳಿಲ್ಲ. ತಗೊಳ್ಳಬಹುದಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಆಂಪ್, ಅಂದರೆ ದನಿಯ ಸಿಗ್ನಲ್‌ಗೆ ಬಲ ತುಂಬುವ ಪೆಟ್ಟಿಗೆ, ನಿಮಗೆ ಉಪಯೋಗಕ್ಕೆ ಬರಬಹುದು, ಆದರೆ ಕಂಪನಿಯಿಂದ ಒಂದೆರಡು ಅಂಕಿ ಕೇಳಿ ಪಡೆದ ಮೇಲೆ. ಡ್ಯಾಕ್, ಅಂದರೆ ಡಿಜಿಟಲ್ ಫೈಲನ್ನು ದನಿಯ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ, ಈಗಲೇ ಬೇಡ. ಬ್ರಾಂಡಿನ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ಯಾಕೆಂದರೆ ಅವರ ಪೆಟ್ಟಿಗೆಯನ್ನು ನಾನು ಬಿಚ್ಚಿ ನೋಡಿಲ್ಲ, ಅಳೆದಿಲ್ಲ. ಆದರೆ ಯಾರೂ ಹೆಸರು ಕೇಳಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಿಡಬೇಡಿ.

ಹೀಗೆ ಹೇಳಲು ಒಂದು ಕಾರಣವಿದೆ. 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಎಂಬ ಗುಪ್ತನಾಮದ ಒಬ್ಬ ಇಂಜಿನಿಯರ್ ಓ2 ಎಂಬ ಹೆಡ್‌ಫೋನ್ ಆಂಪ್ ವಿನ್ಯಾಸ ಮಾಡಿದರು. ಅವರಿಗೆ ಬ್ರಾಂಡೂ ಇರಲಿಲ್ಲ, ನಿಜವಾದ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಒಳಗಿನ ಬಿಡಿಭಾಗಗಳ ಖರ್ಚು ಸುಮಾರು 30 ಡಾಲರ್ ಅಷ್ಟೇ. ಹೆಡ್‌ಫೋನ್‌ಗೆ ಪವರ್ ಕೊಡುವ ಕೊನೆಯ ಹಂತಕ್ಕೆ ಅವರು ಹಾಕಿದ್ದು ಎನ್‌ಜೆಎಂ 4556 ಎಂಬ ಹಳೆಯ, ಅಗ್ಗದ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ) ಚಿಪ್. ಆದರೂ ಜನ ನಂಬಿದರು. ಯಾಕೆ ಅಂದರೆ ಅವರು ಪೂರ್ತಿ ಸರ್ಕ್ಯೂಟ್ ನಕ್ಷೆ ಕೊಟ್ಟರು, ಯಾವ ಭಾಗ ಯಾಕೆ ಆರಿಸಿದೆ ಅಂತ ಬರೆದರು, ಪ್ರಿಸಂ ಸೌಂಡ್ ಕಂಪನಿಯ ಆಡಿಯೊ ಅನಲೈಸರ್‌ನಲ್ಲಿ ಅಳೆದ ಪ್ರತಿ ಅಂಕಿಯನ್ನೂ ಮುಂದಿಟ್ಟರು. ಬೇರೆಯವರು ಅದೇ ಆಂಪ್ ಕಟ್ಟಿ ಅಳೆದಾಗ ಅಂಕಿಗಳು ತಾಳೆಯಾದವು. ವಿನ್ಯಾಸ ಬದಲಿಸದೆ ಯಾರು ಬೇಕಾದರೂ ಮಾಡಿ ಮಾರಬಹುದು ಅಂತ ಬಿಟ್ಟುಕೊಟ್ಟರು. ಅಮೆರಿಕದ ಇಲಿನಾಯ್‌ನ ಜೆಡಿಎಸ್ ಲ್ಯಾಬ್ಸ್ ಆಗ ಇನ್ನೂ ಪುಟ್ಟ ಕಂಪನಿ, ಅದನ್ನು ಮಾಡಿ ಮಾರಿದವರಲ್ಲಿ ಅವರೂ ಒಬ್ಬರು. 2012ರಲ್ಲಿ ಆ ಇಂಜಿನಿಯರ್ ಬರೆಯುವುದನ್ನೇ ನಿಲ್ಲಿಸಿದರು. ಆಂಪ್ ಮಾತ್ರ ಅವರಿಲ್ಲದೆಯೂ ವರ್ಷಗಟ್ಟಲೆ ಮಾರಾಟವಾಯಿತು.

ಸಣ್ಣ ಕಂಪನಿಯನ್ನು ನಾನು ತೂಗಿ ನೋಡುವುದು ಇದೇ ತಕ್ಕಡಿಯಲ್ಲಿ. ಅಳೆದು ಪರೀಕ್ಷಿಸಬಹುದಾದ ಅಂಕಿ ಕೊಟ್ಟಿದ್ದಾರಾ, ಇಲ್ಲ ಬರೀ ದೊಡ್ಡ ದೊಡ್ಡ ಅಂಕಿ ಬರೆದಿದ್ದಾರಾ? ನಿಮ್ಮ ಕಂಪನಿಯ ವಿವರ ನೀವು ಕಳಿಸಿದಷ್ಟು ನೋಡಿದರೆ ಇದು ಎರಡನೇ ಜಾತಿ. ಆದರೂ ಅದರಿಂದಲೇ ಒಂದಷ್ಟು ಲೆಕ್ಕ ಹಾಕಬಹುದು, ಬನ್ನಿ.

ಶುರು ಮಾಡಬೇಕಾದ್ದು ಆಂಪ್‌ನಿಂದ ಅಲ್ಲ, ನಿಮ್ಮ ಹೆಡ್‌ಫೋನ್‌ನಿಂದ. ಎಚ್‌ಡಿ 600 ಅಂದರೆ 300 ಓಮ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ, ಇದನ್ನೇ ಇಂಪಿಡೆನ್ಸ್ ಅನ್ನುತ್ತಾರೆ), 1 ಮಿಲಿವಾಟ್ ಕೊಟ್ಟರೆ 97 ಡೆಸಿಬೆಲ್ ದನಿ. ನಾವು ಸಾಮಾನ್ಯವಾಗಿ ಕೇಳುವ ಮಟ್ಟ 75ರಿಂದ 80 ಡೆಸಿಬೆಲ್. ತಬಲಾದ ಏಟು, ಗಾಯಕರು ತಾರ ಸಪ್ತಕಕ್ಕೆ ಏರುವ ಜಾಗ, ಇಂಥಲ್ಲಿ ಅದಕ್ಕಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. ಇನ್ನಷ್ಟು ಕೈಯಲ್ಲಿ ಇರಲಿ ಅಂತ 110 ಅಂದುಕೊಳ್ಳೋಣ. 97ರಿಂದ 110ಕ್ಕೆ 13 ಡೆಸಿಬೆಲ್, ಅಂದರೆ 20 ಪಟ್ಟು ಪವರ್, 20 ಮಿಲಿವಾಟ್. 300 ಓಮ್‌ಗೆ 20 ಮಿಲಿವಾಟ್ ಕೊಡಲು ಬೇಕಾದ್ದು ಸುಮಾರು 2.45 ವೋಲ್ಟ್. ನಿಮಗೆ ಬೇಕಾಗಿರುವುದು ಇಷ್ಟೇ! ಲ್ಯಾಪ್‌ಟಾಪಿನ ಜ್ಯಾಕ್ ಸಾಮಾನ್ಯವಾಗಿ 1 ವೋಲ್ಟ್ ಆಸುಪಾಸು ಕೊಡುತ್ತದೆ, ಕೆಲವು ಅದಕ್ಕಿಂತ ಕಡಿಮೆ. ಹಳೇ ರೆಕಾರ್ಡಿಂಗ್‌ಗಳನ್ನು ಎಷ್ಟೋ ಸಲ ಕಡಿಮೆ ಮಟ್ಟದಲ್ಲೇ ಡಿಜಿಟಲ್‌ಗೆ ಇಳಿಸಿರುತ್ತಾರೆ, ಅದೂ ಸೇರಿ ನಿಮಗೆ ದನಿ ಸಾಲುತ್ತಿಲ್ಲ. ನಿಮ್ಮ ದೂರು ನಿಜವಾದದ್ದೇ, ಆಂಪ್ ಬೇಕು ಅನ್ನಿಸಿದ್ದು ಸರಿಯೇ.

ಈಗ ಅವರ 2000 ಮಿಲಿವಾಟ್. ಯಾವ ಓಮ್‌ಗೆ? ಬರೆದಿಲ್ಲ. ಇಂಥ ದೊಡ್ಡ ಅಂಕಿ ಸಾಮಾನ್ಯವಾಗಿ 16 ಅಥವಾ 32 ಓಮ್‌ಗೆ ಇರುತ್ತದೆ, ಕಡಿಮೆ ಓಮ್‌ನಲ್ಲೇ ಪವರ್ ಅಂಕಿ ದೊಡ್ಡದಾಗಿ ಕಾಣುವುದು. 16 ಓಮ್ ಅಂದುಕೊಂಡರೆ 2000 ಮಿಲಿವಾಟ್‌ಗೆ ಸುಮಾರು 5.6 ವೋಲ್ಟ್ ಬೇಕು. ಅದೇ 5.6 ವೋಲ್ಟ್ ನಿಮ್ಮ 300 ಓಮ್‌ಗೆ ಹೋದಾಗ ಬರುವುದು 105 ಮಿಲಿವಾಟ್ ಆಸುಪಾಸು. 2000 ಎಲ್ಲಿ, 105 ಎಲ್ಲಿ! ಆದರೂ ಗಾಬರಿಯಾಗಬೇಡಿ, ನಿಮಗೆ ಬೇಕಾದ್ದು 20 ತಾನೇ. ಇನ್ನೊಂದು ಸಾಧ್ಯತೆಯನ್ನೂ ನೋಡಿಬಿಡೋಣ. ಆ 2000 ಬ್ಯಾಲೆನ್ಸ್ಡ್ ಜ್ಯಾಕಿನ (ಎಡ ಬಲ ಕಿವಿಗೆ ಬೇರೆ ಬೇರೆ ಜೋಡಿ ತಂತಿಯಲ್ಲಿ ದುಪ್ಪಟ್ಟು ವೋಲ್ಟ್ ಕೊಡುವ ಜ್ಯಾಕ್) ಅಂಕಿ ಆಗಿದ್ದರೆ ಮಾಮೂಲಿ ಜ್ಯಾಕಿನಲ್ಲಿ ವೋಲ್ಟ್ ಅರ್ಧವಾಗುತ್ತದೆ, 2.8 ವೋಲ್ಟ್. ಆಗ ಎಚ್‌ಡಿ 600ಕ್ಕೆ ಸುಮಾರು 26 ಮಿಲಿವಾಟ್, ಅಂದರೆ 111 ಡೆಸಿಬೆಲ್. ಅದೂ ಸಾಕು. ಹಾಗಾಗಿ ಬ್ಯಾಲೆನ್ಸ್ಡ್ ಕೇಬಲ್‌ಗೆ ಅಂತ ಬೇರೆ ದುಡ್ಡು ಹಾಕಬೇಡಿ.

ಪವರ್ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಇರಬೇಕು, ಡಿಸ್ಟಾರ್ಷನ್, ಅಂದರೆ ದನಿ ವಿರೂಪವಾಗುವ ಪ್ರಮಾಣ, ಎಷ್ಟಿದ್ದಾಗ ಈ ಪವರ್ ಅಂತ. 10 ಶೇಕಡಾ ಡಿಸ್ಟಾರ್ಷನ್‌ನಲ್ಲಿ ಅಳೆದ 2000 ಮಿಲಿವಾಟ್ ಅಂದರೆ ಅಲೆಯ ತಲೆ ಕತ್ತರಿಸಿ ಹೋಗಿರುವ, ಕೇಳಲಾಗದ ದನಿ. 0.1 ಶೇಕಡಾ ಅಥವಾ ಅದಕ್ಕೂ ಕಡಿಮೆಯಲ್ಲಿ ಎಷ್ಟು ಅಂತ ಕೇಳಿ. ಓಮ್ ಕೂಡ ಬರೆಯದ, ಡಿಸ್ಟಾರ್ಷನ್ ಕೂಡ ಬರೆಯದ ಮಿಲಿವಾಟ್ ಅಂಕಿಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ, ಪೆಟ್ಟಿಗೆಯ ಮೇಲೆ ಎಷ್ಟೇ ದೊಡ್ಡ ಹೆಸರಿರಲಿ.

ಎಚ್‌ಡಿ 600ರ ಮಟ್ಟಿಗೆ ಇಷ್ಟು ಸಾಕು. ನನಗೆ ಚಿಂತೆ ಇರುವುದು ನಿಮ್ಮ ಇಯರ್‌ಫೋನ್ ಬಗ್ಗೆ, ಯಾಕೆಂದರೆ ಜಾಸ್ತಿ ಪವರ್‌ನ ಆಂಪ್‌ಗಳು ಎಡವುವುದು ಅಲ್ಲೇ. ಎರಡು ವಿಷಯ ಇವೆ. ಒಂದು, ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್. ಆಂಪ್ ತನ್ನೊಳಗೆ ಒಂದಷ್ಟು ಓಮ್ ಇಟ್ಟುಕೊಂಡೇ ಹೆಡ್‌ಫೋನ್‌ಗೆ ವೋಲ್ಟ್ ಕಳಿಸುತ್ತದೆ. ಆ ಓಮ್ ಜಾಸ್ತಿ ಇದ್ದು ಇಯರ್‌ಫೋನ್‌ನ ಓಮ್ ಕಡಿಮೆ ಇದ್ದರೆ, ಕಳಿಸಿದ್ದರಲ್ಲಿ ದೊಡ್ಡ ಪಾಲು ಆಂಪ್‌ನಲ್ಲೇ ಉಳಿದುಬಿಡುತ್ತದೆ. ಅದೂ ಎಲ್ಲಾ ಸ್ವರಕ್ಕೂ ಸಮನಾಗಿ ಉಳಿದರೆ ತೊಂದರೆ ಇಲ್ಲ, ವಾಲ್ಯೂಮ್ ಏರಿಸಿದರಾಯಿತು. ಆದರೆ ಒಳಗೆ ನಾಲ್ಕಾರು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಪುಟ್ಟ ಸ್ಪೀಕರ್‌ನ ಒಂದು ಬಗೆ, ಬ್ಯಾಲೆನ್ಸ್ಡ್ ಜ್ಯಾಕಿಗೂ ಇದಕ್ಕೂ ಸಂಬಂಧವಿಲ್ಲ) ಇರುವ ಇಯರ್‌ಫೋನ್‌ಗಳಲ್ಲಿ ಇಂಪಿಡೆನ್ಸ್ ಒಂದು ಕಡೆ 8 ಓಮ್, ಇನ್ನೊಂದು ಕಡೆ 40 ಓಮ್ ಹೀಗೆಲ್ಲ ಏರಿಳಿಯುತ್ತದೆ. ಆಂಪ್‌ನೊಳಗೆ 10 ಓಮ್ ಇದೆ ಅಂದುಕೊಳ್ಳಿ. 8 ಓಮ್ ಇರುವ ಸ್ವರದಲ್ಲಿ 7 ಡೆಸಿಬೆಲ್ ಹೋಯಿತು, 40 ಓಮ್ ಇರುವ ಸ್ವರದಲ್ಲಿ 2 ಡೆಸಿಬೆಲ್ ಹೋಯಿತು. ಎರಡರ ನಡುವೆ 5 ಡೆಸಿಬೆಲ್ ವ್ಯತ್ಯಾಸ, ಇಯರ್‌ಫೋನ್‌ನ ಸ್ವಭಾವವೇ ಬದಲಾಗಿಬಿಡುತ್ತದೆ. ತಾನ್‌ಪುರದ ಝೇಂಕಾರ ಮಂಕಾಯಿತು, ಇಲ್ಲ ಕಿವಿಗೆ ಚುಚ್ಚಿತು ಅಂತ ಆಗುವುದು ಇದರಿಂದ. ಎಚ್‌ಡಿ 600 ಕೂಡ 100 ಹರ್ಟ್ಸ್ ಹತ್ತಿರ 500 ಓಮ್ ದಾಟುತ್ತದೆ, ಆದರೆ ಅಷ್ಟು ಎತ್ತರದ ಓಮ್ ಮುಂದೆ 10 ಓಮ್ ಏನೂ ಅಲ್ಲ, ವ್ಯತ್ಯಾಸ 0.1 ಡೆಸಿಬೆಲ್‌ನಷ್ಟು.

ರೂಢಿಯಲ್ಲಿರುವ ಲೆಕ್ಕ ಏನೆಂದರೆ ಆಂಪ್‌ನ ಇಂಪಿಡೆನ್ಸ್ ಹೆಡ್‌ಫೋನ್‌ನ ಎಂಟನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಇರಬೇಕು. ನಿಮ್ಮ 16 ಓಮ್‌ಗೆ 2 ಓಮ್. ಓ2ನಲ್ಲಿ ಇದು ಸುಮಾರು ಅರ್ಧ ಓಮ್ ಇತ್ತು. ಇವತ್ತು ಸರಿಯಾಗಿ ಮಾಡಿದ ಯಾವ ಸಾಲಿಡ್ ಸ್ಟೇಟ್ (ವಾಲ್ವ್ ಇಲ್ಲದ) ಆಂಪ್‌ನಲ್ಲೂ 1 ಓಮ್‌ಗಿಂತ ಕೆಳಗೆ ಇಡುವುದು ಕಷ್ಟವಲ್ಲ. ಹಿಂದೆ ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೇ 120 ಓಮ್ ಸೂಚಿಸಿದ್ದರು, ಹಾಗಾಗಿ ಹಳೇ ಸ್ಟೀರಿಯೊ ಆಂಪ್‌ಗಳ ಹೆಡ್‌ಫೋನ್ ಜ್ಯಾಕಿನಲ್ಲಿ ದೊಡ್ಡ ಅಂಕಿ ಕಂಡರೆ ಆಶ್ಚರ್ಯಪಡಬೇಡಿ. ಆದರೆ ಹೊಸದಾಗಿ ಮಾರುವವರು ಈ ಅಂಕಿಯನ್ನೇ ಬರೆಯದಿದ್ದರೆ ಕೇಳಲೇಬೇಕು.

ಉತ್ತರ ಬರದಿದ್ದರೂ ಮನೆಯಲ್ಲೇ ಅಳೆಯಬಹುದು. ಒಂದು ಮಲ್ಟಿಮೀಟರ್, 33 ಓಮ್‌ನ ಒಂದು ರೆಸಿಸ್ಟರ್ ಸಾಕು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ, ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಂತೂ ಖಂಡಿತ ಸಿಗುತ್ತದೆ, ಕೆಲವೇ ರೂಪಾಯಿ. ಲ್ಯಾಪ್‌ಟಾಪಿನಿಂದ 60ರಿಂದ 200 ಹರ್ಟ್ಸ್ ನಡುವಿನ ಒಂದು ಸೈನ್ ಟೋನ್ ಹಾಕಿ, ಅಗ್ಗದ ಮಲ್ಟಿಮೀಟರ್‌ಗಳು ಅದಕ್ಕಿಂತ ಮೇಲೆ ಸರಿಯಾಗಿ ಅಳೆಯುವುದಿಲ್ಲ. ಹೆಡ್‌ಫೋನ್ ತೆಗೆದು, ಆಂಪ್‌ನ ಜ್ಯಾಕಿನಲ್ಲಿ ಎಸಿ ವೋಲ್ಟ್ ನೋಡುತ್ತಾ ನಾಬ್ ತಿರುಗಿಸಿ ಅರ್ಧ ವೋಲ್ಟ್‌ಗೆ ತನ್ನಿ. ನಂತರ ನಾಬ್ ಮುಟ್ಟದೆ ರೆಸಿಸ್ಟರ್ ಸೇರಿಸಿ ಮತ್ತೆ ನೋಡಿ. 0.500 ಇದ್ದದ್ದು 0.450ಕ್ಕೆ ಇಳಿದರೆ ಆಂಪ್‌ನೊಳಗೆ ಸುಮಾರು 3.7 ಓಮ್ ಇದೆ. ಮೊದಲಿನ ವೋಲ್ಟನ್ನು ನಂತರದ್ದರಿಂದ ಭಾಗಿಸಿ, 1 ಕಳೆದು, 33ರಿಂದ ಗುಣಿಸಿದರೆ ಬರುವ ಲೆಕ್ಕ ಅದು. 0.490ಕ್ಕಿಂತ ಕೆಳಗೆ ಇಳಿಯದಿದ್ದರೆ ನಿಶ್ಚಿಂತೆ.

ಎರಡನೇ ವಿಷಯ ಹಿಸ್. ಸೂಕ್ಷ್ಮವಾದ ಇಯರ್‌ಫೋನ್ ಹಾಕಿ, ಹಾಡು ನಿಲ್ಲಿಸಿದಾಗ ಸುಯ್ ಅನ್ನುವ ಸದ್ದು. ಸ್ಪೆಕ್ ಶೀಟಿನಲ್ಲಿ ಇದನ್ನು ಮೈಕ್ರೋವೋಲ್ಟ್‌ನಲ್ಲಿ ಕೊಡುತ್ತಾರೆ. 1 ಮಿಲಿವಾಟ್‌ಗೆ 110 ಡೆಸಿಬೆಲ್ ಕೊಡುವ 16 ಓಮ್ ಇಯರ್‌ಫೋನ್‌ನಲ್ಲಿ 10 ಮೈಕ್ರೋವೋಲ್ಟ್ ನಾಯ್ಸ್ ಅಂದರೆ 28 ಡೆಸಿಬೆಲ್ ಸದ್ದು, ರಾತ್ರಿ ಮನೆ ಮಲಗಿದ ಮೇಲೆ ಕೇಳಿಸುತ್ತದೆ. 2-3 ಮೈಕ್ರೋವೋಲ್ಟ್ ಆದರೆ ಕೇಳಿಸುವುದಿಲ್ಲ. ಇದರ ಜೊತೆಗೆ ಗೇನ್ ಸ್ವಿಚ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಅಂತ ಬದಲಿಸುವ ಸ್ವಿಚ್, ಇದೆಯಾ ನೋಡಿ. ಗೇನ್ ಜಾಸ್ತಿ ಇದ್ದರೆ ಇಯರ್‌ಫೋನ್‌ಗೆ ನಾಬ್ ಒಂದು ಚೂರು ತಿರುಗಿಸುವಷ್ಟರಲ್ಲಿ ದನಿ ಕಿವಿ ತುಂಬುತ್ತದೆ, ಮತ್ತೆ ನಾಬ್‌ನ ಆ ಕೆಳಗಿನ ಭಾಗದಲ್ಲೇ ಎಡ ಬಲ ಕಿವಿಗಳ ಮಟ್ಟ ಸಮ ಇರುವುದಿಲ್ಲ. ಅಗ್ಗದ ವಾಲ್ಯೂಮ್ ಕಂಟ್ರೋಲ್‌ಗಳ ಹಳೇ ರೋಗ ಇದು. 1 ಪಟ್ಟು, 3 ಪಟ್ಟು ಹೀಗೆ ಎರಡು ಗೇನ್ ಇದ್ದರೆ ನಿಮ್ಮ ಎರಡೂ ಸಾಮಾನಿಗೆ ಸರಿಹೋಗುತ್ತದೆ.

ಈಗ ಡ್ಯಾಕ್. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸಿಡಿಯ 16 ಬಿಟ್‌ನಲ್ಲಿ ಹಿಡಿಯಬಹುದಾದ ಅತಿ ಸಣ್ಣ ಮತ್ತು ಅತಿ ದೊಡ್ಡ ದನಿಯ ನಡುವಿನ ಅಂತರ ಸುಮಾರು 96 ಡೆಸಿಬೆಲ್. ಆ್ಯಪಲ್ ಮಾರುವ ಇಯರ್‌ಫೋನ್ ಸಿಕ್ಕಿಸುವ ಪುಟ್ಟ ಯುಎಸ್‌ಬಿ-ಸಿ ಡಾಂಗಲ್ (ಅದರೊಳಗೂ ಒಂದು ಡ್ಯಾಕ್ ಇದೆ) ಇದೆಯಲ್ಲ, ಅಮೆರಿಕದಲ್ಲಿ 9 ಡಾಲರ್‌ದು, ಅದನ್ನು ಸ್ವತಂತ್ರವಾಗಿ ಅಳೆದವರಿಗೆ ನಾಯ್ಸ್ ಮತ್ತು ಡಿಸ್ಟಾರ್ಷನ್ ಎರಡೂ ಸೇರಿ ದನಿಗಿಂತ 99 ಡೆಸಿಬೆಲ್ ಕೆಳಗೆ ಸಿಕ್ಕಿವೆ. ಅಂದರೆ ಅಷ್ಟು ಅಗ್ಗದ ಸಾಮಾನೇ ಸಿಡಿಯ ಮಿತಿಯನ್ನು ಮುಟ್ಟಿದೆ. ಒಳ್ಳೆಯ ಡೆಸ್ಕ್‌ಟಾಪ್ ಡ್ಯಾಕ್‌ಗಳು 120 ದಾಟುತ್ತವೆ, ಇಂಜಿನಿಯರಿಂಗ್ ದೃಷ್ಟಿಯಿಂದ ಅದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ಆದರೆ ನಿಮ್ಮ ಕಿವಿಗೆ ಆ 20 ಡೆಸಿಬೆಲ್ ತಲುಪುವುದಿಲ್ಲ. ನೀವು ಕೇಳುವ ಸಂಗೀತವನ್ನೇ ತಗೊಳ್ಳಿ. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ ಪ್ಲೇಟುಗಳಲ್ಲಿ ಮುಳ್ಳಿನ ಕರಕರ ಸದ್ದು ಯಾವ ಡ್ಯಾಕಿನ ನಾಯ್ಸ್‌ಗಿಂತಲೂ ಎಷ್ಟೋ ಪಟ್ಟು ದೊಡ್ಡದು. ನಂತರ ಟೇಪಿನಲ್ಲಿ ಹಿಡಿದ ಕಛೇರಿಗಳಲ್ಲೂ ಟೇಪಿನ ಹಿಸ್ ಇದ್ದೇ ಇದೆ. ಆ ದನಿ ನನಗೂ ಪ್ರಾಣ, ಅದನ್ನು ಇನ್ನೂ ಹತ್ತಿರದಿಂದ ಕೇಳಬೇಕು ಅನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ 15 ಸಾವಿರದ ಡ್ಯಾಕ್ ಆ ಹತ್ತಿರವನ್ನು ತಂದುಕೊಡುವುದಿಲ್ಲ.

32 ಬಿಟ್, 768 ಕಿಲೋಹರ್ಟ್ಸ್ ಅನ್ನುವುದು ಚಿಪ್ ಒಳಗೆ ತೆಗೆದುಕೊಳ್ಳಬಲ್ಲ ಫೈಲಿನ ಮಿತಿ, ಹೊರಗೆ ಬರುವ ದನಿಯ ಗುಣಮಟ್ಟ ಅಲ್ಲ. ನೀವು ಕೇಳುವ ರೆಕಾರ್ಡಿಂಗ್‌ಗಳು ಬಹುಪಾಲು 44.1 ಕಿಲೋಹರ್ಟ್ಸ್‌ನವು. ಚಿಪ್ ಹೆಸರನ್ನು ದೊಡ್ಡದಾಗಿ ಬರೆಯುವುದಕ್ಕೂ ಇದೇ ಮಾತು. ಇಎಸ್‌ಎಸ್, ಎಕೆಎಂ, ಸಿರಸ್ ಲಾಜಿಕ್ ಮೂರೂ ಕಂಪನಿಗಳ ಚಿಪ್‌ಗಳು ಚೆನ್ನಾಗಿವೆ. ಚಿಪ್‌ನ ಸುತ್ತ ಇಂಜಿನಿಯರ್ ಏನು ಮಾಡಿದ್ದಾರೆ ಅನ್ನುವುದೇ ಮುಖ್ಯ. ಇಎಸ್‌ಎಸ್ ಚಿಪ್‌ನ ಕೆಲವು ಡ್ಯಾಕ್‌ಗಳಲ್ಲಿ ಮಧ್ಯಮ ಮಟ್ಟದ ದನಿಯಲ್ಲಿ ಡಿಸ್ಟಾರ್ಷನ್ ಗುಡ್ಡದ ಹಾಗೆ ಉಬ್ಬುವ ದೋಷ ಕಾಣಿಸಿತ್ತು. ಚಿಪ್ ಅದೇ, ಅದರ ಮುಂದಿನ ಆಪ್‌ಆಂಪ್ ಹಂತದ ಬಿಡಿಭಾಗಗಳನ್ನು ಬದಲಿಸಿದವರಲ್ಲಿ ಉಬ್ಬು ಹೋಯಿತು. ಇನ್ನೊಂದು ಮಾತು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಹಲವು ಕಂಪನಿಗಳು ಬೇರೆ ಚಿಪ್ ಹಾಕಿ ಮತ್ತೆ ವಿನ್ಯಾಸ ಮಾಡಬೇಕಾಯಿತು. ಹಾಗಾಗಿ ಯಾವ ಡ್ಯಾಕಿನ ಅಳತೆ ಓದಿದರೂ ಅದು ಯಾವ ವರ್ಷದ್ದು, ನಿಮಗೆ ಈಗ ಕಳಿಸುವ ಪೆಟ್ಟಿಗೆ ಅದೇನಾ ಅಂತ ಕೇಳಿ. ಸಣ್ಣ ಕಂಪನಿಗಳ ವಿಷಯದಲ್ಲಿ ಇದನ್ನು ಎರಡು ಸಲ ಕೇಳಿ.

ಡ್ಯಾಕ್ ಬೇಕಾಗುವುದು ಯಾವಾಗ ಅಂದರೆ ಲ್ಯಾಪ್‌ಟಾಪಿನ ಜ್ಯಾಕಿನಲ್ಲೇ ಗರಗರ ಸದ್ದು, ಮೌಸ್ ಅಲುಗಿಸಿದರೆ ಕೀರಲು ಸದ್ದು ಬರುತ್ತಿದ್ದಾಗ. ಹಾಗಿದ್ದರೆ ಮೊದಲು ಆ ಪುಟ್ಟ ಡಾಂಗಲ್ ಹಾಕಿ ನೋಡಿ. ಅದರಲ್ಲಿ ಸುಮಾರು 1 ವೋಲ್ಟ್ ಬರುತ್ತದೆ, ಯುರೋಪಿನಲ್ಲಿ ಮಾರುವ ಮಾದರಿಯಲ್ಲಿ ಮಾತ್ರ ಅರ್ಧ. 1 ವೋಲ್ಟನ್ನು 3 ಪಟ್ಟು ಗೇನ್‌ನ ಆಂಪ್‌ಗೆ ಕೊಟ್ಟರೆ 3 ವೋಲ್ಟ್, ಎಚ್‌ಡಿ 600ಕ್ಕೆ ಬೇಕಾದ 2.45 ದಾಟಿತು. ಆಂಡ್ರಾಯ್ಡ್ ಫೋನ್‌ಗೆ ಹಾಕಿದರೆ ಮಾತ್ರ ದನಿ ತೀರಾ ಕಡಿಮೆ ಬರುತ್ತದೆ, ಅದು ಫೋನ್ ಮತ್ತು ಡಾಂಗಲ್ ನಡುವಿನ ವಾಲ್ಯೂಮ್ ಹೊಂದಾಣಿಕೆಯ ತೊಂದರೆ. ಲ್ಯಾಪ್‌ಟಾಪಿನಲ್ಲಿ ಆ ಕಾಟ ಇಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ವಿಷಯ ನೋಡಲೇಬೇಕು, ಕರೆಂಟು. ಅಮೆರಿಕದಿಂದ ತರಿಸುವ ಆಂಪ್ ಆದರೆ 230 ವೋಲ್ಟ್‌ನದ್ದೇ ಅಂತ ಖಾತ್ರಿ ಮಾಡಿಕೊಳ್ಳಿ, 120 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಇಲ್ಲಿ ಹಾಕಿದರೆ ಸುಟ್ಟುಹೋಗುತ್ತದೆ. ಕೆಲವು ಆಂಪ್‌ಗಳ ಅಡಾಪ್ಟರ್ ಡಿಸಿ ಅಲ್ಲ, ಎಸಿ ಕೊಡುವಂಥದ್ದು. ಓ2 ಕೂಡ ಹಾಗೇ. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಪಿನ್ ಕೂಡುತ್ತದೆ ಅಂತ ಸಿಕ್ಕಿಸಬೇಡಿ. ಇಲ್ಲಿಯ ಅಂಗಡಿಯಿಂದ ಕೊಂಡರೆ ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಇನ್ನು ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ಮೈ ಮುಟ್ಟಿದರೆ ಜುಂ ಅನ್ನುತ್ತದಾ? ಹಾಗಿದ್ದರೆ ಹೆಚ್ಚಾಗಿ ಅರ್ಥಿಂಗ್ ಇಲ್ಲ ಅಂತ ಅರ್ಥ, ಅದೇ ಸೋರಿಕೆ ಆಂಪ್‌ನಲ್ಲಿ ಹಮ್ ಆಗಿ ಕೇಳಿಸಬಹುದು. ಆಂಪ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಂದು ಸಲ ಕೇಳಿ ನೋಡಿ. ಹಮ್ ಹೋದರೆ ಆಂಪ್‌ನ ತಪ್ಪಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಮೂರು ಪಿನ್ನಿನ ಸಾಕೆಟ್‌ಗೆ ಅರ್ಥಿಂಗ್ ಸರಿ ಮಾಡಿಸಿ. ಅದು ಹೇಗೂ ಮನೆಗೆ ಬೇಕಾದ ಕೆಲಸವೇ ಅಲ್ವಾ.

ಆಂಪ್ ಮನೆಗೆ ಬಂದ ದಿನ ಒಂದು ಕೆಲಸ ಮರೆಯಬೇಡಿ, ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಂಪನಿಯ ಆಂಪ್ ತರಿಸಿ, ಖುಷಿಯಲ್ಲಿ ನೇರ ಇಯರ್‌ಫೋನ್ ಸಿಕ್ಕಿಸಿ ಆನ್ ಮಾಡಿದೆ. ಠಪ್ ಅಂತ ಒಂದು ಸದ್ದು. ಎಡ ಕಿವಿಯ ಡ್ರೈವರ್ ಹೋಯಿತು. ನಂತರ ಅಳೆದಾಗ ಆ ಕಡೆಯ ಜ್ಯಾಕಿನಲ್ಲಿ 1 ವೋಲ್ಟ್‌ಗಿಂತ ಜಾಸ್ತಿ ಡಿಸಿ ನಿಂತಿತ್ತು. ಹೆಂಡತಿ ಉಡುಗೊರೆ ಕೊಟ್ಟಿದ್ದ ಇಯರ್‌ಫೋನ್ ಅದು, ಈಗಲೂ ಡ್ರಾಯರ್‌ನಲ್ಲಿದೆ. ಅಂದಿನಿಂದ ಯಾವ ಆಂಪ್ ಬಂದರೂ ಮೊದಲು ಏನೂ ಸಿಕ್ಕಿಸದೆ ಆನ್ ಮಾಡುತ್ತೇನೆ, ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಎಡ ಬಲ ಎರಡೂ ನೋಡುತ್ತೇನೆ. 10 ಮಿಲಿವೋಲ್ಟ್ ಒಳಗಿದ್ದರೆ ಸರಿ. 20-30 ದಾಟಿದರೆ ಸೂಕ್ಷ್ಮ ಇಯರ್‌ಫೋನ್ ಹಾಕುವುದಿಲ್ಲ. 100 ದಾಟಿದರೆ ಆ ಆಂಪ್ ಅವತ್ತೇ ವಾಪಸ್. ಆನ್, ಆಫ್ ಮಾಡುವಾಗ ರಿಲೇ ಟಿಕ್ ಅನ್ನುತ್ತದಾ ಅಂತಲೂ ಕೇಳಿಸಿಕೊಳ್ಳಿ. ಹೆಡ್‌ಫೋನನ್ನು ಎರಡು ಮೂರು ಸೆಕೆಂಡ್ ತಡೆದು ಸೇರಿಸುವ ವ್ಯವಸ್ಥೆ ಅದು, ಮಾಡಿದವರಿಗೆ ಕಾಳಜಿ ಇದೆ ಅನ್ನುವುದಕ್ಕೆ ನಾನು ನೋಡುವ ಮೊದಲ ಗುರುತು.

ಕೇಳಿ ನೋಡಿ ತೀರ್ಮಾನ ಮಾಡುತ್ತೇನೆ ಅಂದರೆ ಮಾಡಿ, ಆದರೆ ದನಿಯ ಮಟ್ಟ ಸಮ ಮಾಡಿಕೊಂಡು. ಸ್ವಲ್ಪ ಜೋರಾಗಿ ಕೇಳಿಸಿದ್ದು ನಮಗೆ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ, ಎಷ್ಟು ಅನುಭವ ಇದ್ದರೂ ಅಷ್ಟೇ. ಹೆಡ್‌ಫೋನ್ ಸೇರಿಸಿಕೊಂಡೇ ಅದೇ ಟೋನ್, ಅದೇ ಮಲ್ಟಿಮೀಟರ್‌ನಿಂದ ಎರಡೂ ಸಾಧನಗಳನ್ನು 1 ಶೇಕಡಾ ಒಳಗೆ ಹೊಂದಿಸಿ, ಅರ್ಧ ವೋಲ್ಟ್‌ಗೆ 5 ಮಿಲಿವೋಲ್ಟ್ ಆಚೀಚೆ. ಮನೆಯವರೊಬ್ಬರನ್ನು ಕೂರಿಸಿ, ನಾಣ್ಯ ಚಿಮ್ಮಿ ಒಂದೊಂದು ಸಲ ಒಂದೊಂದು ಹಾಕಲು ಹೇಳಿ, ನೀವು ನೋಡದೆ ಗುರುತಿಸಿ. 16 ಸಲದಲ್ಲಿ 12 ಸಲ ಸರಿ ಹೇಳಿದರೆ ವ್ಯತ್ಯಾಸ ನಿಜ ಇರಬಹುದು ಅಂತ ಒಪ್ಪಬಹುದು. ಅದಕ್ಕಿಂತ ಕಡಿಮೆ ಬಂದರೆ ದುಡ್ಡು ಉಳಿಸಿಕೊಳ್ಳಿ. ಮಟ್ಟದ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಹೊಸ ಆಂಪ್ ಬಂದ ವಾರ ಎಲ್ಲರೂ ಅದನ್ನು ಮೀರುತ್ತಾರೆ, ನೀವು ಮೀರಬೇಡಿ.

ಈಗ ಕಂಪನಿಗೆ ಒಂದು ಮೇಲ್ ಬರೆಯಿರಿ. 300 ಓಮ್‌ಗೆ ಮಾಮೂಲಿ ಜ್ಯಾಕಿನಲ್ಲಿ 0.1 ಶೇಕಡಾ ಡಿಸ್ಟಾರ್ಷನ್ ಒಳಗೆ ಎಷ್ಟು ವೋಲ್ಟ್, ಔಟ್‌ಪುಟ್ ಇಂಪಿಡೆನ್ಸ್ ಎಷ್ಟು, ಕಡಿಮೆ ಗೇನ್‌ನಲ್ಲಿ ನಾಯ್ಸ್ ಎಷ್ಟು ಮೈಕ್ರೋವೋಲ್ಟ್, ಕೆಟ್ಟರೆ ಭಾರತದಲ್ಲಿ ಯಾರು ರಿಪೇರಿ ಮಾಡುತ್ತಾರೆ ಅಂತ ಕೇಳಿ. ಸಣ್ಣ ಕಂಪನಿಯಲ್ಲಿ ಎಷ್ಟೋ ಸಲ ವಿನ್ಯಾಸ ಮಾಡಿದ ಇಂಜಿನಿಯರೇ ಉತ್ತರ ಬರೆಯುತ್ತಾರೆ, ಅಂಥ ಉತ್ತರ ಬಂದಾಗ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. 2.5 ವೋಲ್ಟ್‌ಗಿಂತ ಜಾಸ್ತಿ, 2 ಓಮ್‌ಗಿಂತ ಕಡಿಮೆ, 5 ಮೈಕ್ರೋವೋಲ್ಟ್ ಒಳಗೆ ಅಂತ ಬರೆದರೆ, ವಾಪಸ್ ಕೊಡುವ ಅವಕಾಶವೂ ಇದ್ದರೆ, ಆಂಪ್ ತಗೊಳ್ಳಿ. ಬರೀ "ಅದ್ಭುತ ದನಿ, ಎಲ್ಲಾ ಹೆಡ್‌ಫೋನ್‌ಗೂ ಸಾಕು" ಅಂತ ಉತ್ತರ ಬಂದರೆ ಬಿಟ್ಟುಬಿಡಿ, ಅಳತೆ ಮುಂದಿಡುವ ಕಂಪನಿಗಳ ಆಂಪ್ ಅದಕ್ಕಿಂತ ಕಡಿಮೆ ದುಡ್ಡಿಗೇ ಸಿಗುತ್ತದೆ. ಡ್ಯಾಕಿನ 15 ಸಾವಿರದಲ್ಲಿ ಸ್ವಲ್ಪ ತೆಗೆದು ಎಚ್‌ಡಿ 600ರ ಕಿವಿಯ ಮೆತ್ತೆಗಳನ್ನು ನೋಡಿ. ಎರಡು ಮೂರು ವರ್ಷ ಹಾಕಿ ಚಪ್ಪಟೆಯಾಗಿದ್ದರೆ ದನಿ ಖಂಡಿತ ಬದಲಾಗಿರುತ್ತದೆ, ಕಂಪನಿಯದ್ದೇ ಹೊಸ ಜೋಡಿ ತರಿಸಿ ಹಾಕಿ.